ಎತ್ತರ: ಸಾಧಾರಣ

ಹೋದ ವಾರ ಹಲ್ಲು ತೋರಿಸಲು ತುಮಕೂರಿನ ಬಟವಾಡಿಗೆ ಹೋಗಿದ್ದೆ. ಕ್ಲಿನಿಕ್ಕಿನ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಪಕ್ಕದ ಅಂಗಡಿಯಿಂದ ಫ್ಲೆಕ್ಸ್ ಪ್ರಿಂಟಿಂಗಿನ ಇಂಕಿನ ವಾಸನೆ ಮೂಗಿಗೆ ಬಡಿಯಿತು. ಸೀಮೆಎಣ್ಣೆಯೂ ಅಲ್ಲದ, ಉಗುರು ಬಣ್ಣವೂ ಅಲ್ಲದ, ಗಂಟಲಿಗೆ ಹತ್ತುವ ವಾಸನೆ. ಅದೇ ಅಂಗಡಿಯ ಮೇಲಿನ ಮಹಡಿಯಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದ್ದೇನೆ. ಅಂಗಡಿಯ ಮುಂದೆ ಒಣಗಲು ಹಾಕಿದ್ದ ಬ್ಯಾನರಿನಲ್ಲಿ ಯಾರಿಗೋ ಹುಟ್ಟುಹಬ್ಬದ ಶುಭಾಶಯ ಕೋರಿದ್ದರು. ಜಾಗ ತುಂಬಲಿ ಎಂದು ಅವರ ಮುಖವನ್ನು ಎಷ್ಟು ಅಗಲಕ್ಕೆ ಎಳೆದಿದ್ದರು ಎಂದರೆ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಸಿಟಿ ಬಸ್ಸು ಹಿಡಿದು ಹೋಗಬೇಕು. ನಗು ಬರಬೇಕಿತ್ತು, ಬಂದದ್ದು ಸಿಟ್ಟು. ಡಾಕ್ಟರು ಬಾಯಿ ತೆಗೆಸಿ ಏನೇನೋ ಕೆರೆಯುತ್ತಿದ್ದಾಗಲೂ ನನ್ನ ತಲೆಯಲ್ಲಿ ಆ ಒಂದು ಆಷಾಢವೇ ಓಡುತ್ತಿತ್ತು.

ನನ್ನ ಹೆಸರು ಸೌಮ್ಯ. ಹೆಸರಿಡುವಾಗ ಸ್ವಲ್ಪ ಆತುರ ಮಾಡಿಬಿಟ್ಟೆವು ಎಂದು ನಮ್ಮಮ್ಮ ಈಗಲೂ ಹೇಳುತ್ತಾಳೆ. ಊರು ಗುಬ್ಬಿ. ಆಗ ದಿನಾ ಬೆಳಿಗ್ಗೆ ಗುಬ್ಬಿಯಿಂದ ಬಸ್ಸಿನಲ್ಲಿ ತುಮಕೂರಿಗೆ, ಅಲ್ಲಿಂದ ಸಿಟಿ ಬಸ್ಸಿನಲ್ಲಿ ಬಟವಾಡಿಗೆ ಹೋಗುತ್ತಿದ್ದೆ. ಆಫೀಸು ಎಂದರೆ ಎರಡು ಟೇಬಲ್ಲು, ಒಂದು ಯುಪಿಎಸ್, ಪ್ರಕಾಶ್ ಸರ್ ಮತ್ತು ನಾನು. ಸರ್ ಗಿರಾಕಿಗಳನ್ನು ಹಿಡಿದು ತರುತ್ತಿದ್ದರು, ನಾನು ಅವರಿಗೆ ವೆಬ್‌ಸೈಟ್ ಕಟ್ಟಿ ಕೊಡುತ್ತಿದ್ದೆ. ಶಾಲೆಗಳು, ಕಲ್ಯಾಣ ಮಂಟಪಗಳು, ಊರಂಚಿನ ಸತ್ಯಮಂಗಲದ ಕಡೆಯ ಸಣ್ಣ ಫ್ಯಾಕ್ಟರಿಗಳು, ಹೀಗೆ. ಪ್ರಕಾಶ್ ಸರ್ ಕೆಟ್ಟವರಲ್ಲ. ಯಾರಿಗೂ ಇಲ್ಲ ಅನ್ನಲು ಬಾರದವರು, ಅಷ್ಟೇ. ಅವರ ಬದಲಿಗೆ ಇಲ್ಲ ಅನ್ನುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು.

ನಮ್ಮ ದೊಡ್ಡ ಗಿರಾಕಿ ಮರಿಸ್ವಾಮಿಯವರು. ಕ್ಯಾತ್ಸಂದ್ರದಲ್ಲಿ ವಧೂವರರ ಬ್ಯೂರೋ ಇಟ್ಟುಕೊಂಡಿದ್ದರು. ಗುಬ್ಬಿ, ಕುಣಿಗಲ್ ಕಡೆಯ ಎಷ್ಟೋ ಮನೆಗಳ ಫೋಟೋ, ಜಾತಕ, ಓದು, ಉದ್ಯೋಗ ಎಲ್ಲ ಅವರ ಬಳಿ ಇರುತ್ತಿತ್ತು. ಸೈಟಿನಲ್ಲಿ ಒಬ್ಬೊಬ್ಬರಿಗೂ ಒಂದು ಪುಟ. ಎಲ್ಲರನ್ನೂ ಒಟ್ಟಿಗೆ ನೋಡುವ ಪುಟದಲ್ಲಿ ಚೌಕ ಚೌಕ ಫೋಟೋಗಳ ಸಾಲು. ಆ ಸೈಟನ್ನು ಎರಡು ವರ್ಷದ ಹಿಂದೆ ಕಟ್ಟಿದವಳೂ ನಾನೇ. ಆಷಾಢದಲ್ಲಿ ನಮ್ಮ ಕಡೆ ಯಾರೂ ಮದುವೆಯ ಮಾತೆತ್ತುವುದಿಲ್ಲ, ಹಾಗಾಗಿ ಬ್ಯೂರೋದವರಿಗೆ ಅದು ಸುಣ್ಣ ಬಣ್ಣ ಮಾಡಿಸುವ ತಿಂಗಳು. ಶ್ರಾವಣದ ಮೊದಲ ದಿನಕ್ಕೆ ಹಳೆಯದೆಲ್ಲ ಹೋಗಿ ಹೊಸ ಸೈಟು ಬರಬೇಕು ಎಂದು ಮರಿಸ್ವಾಮಿಯವರು ಹೇಳಿಹೋಗಿದ್ದರು.

ಆ ವರ್ಷದ ಆಷಾಢ ಮಳೆಯನ್ನು ಕೊಟ್ಟಿದ್ದಕ್ಕಿಂತ ಗಾಳಿಯನ್ನು ಕೊಟ್ಟಿದ್ದೇ ಹೆಚ್ಚು. ಹೈವೇ ಕಡೆಯಿಂದ ಬೀಸಿ ಬಂದು ಅಂಗಡಿಗಳ ಬೋರ್ಡುಗಳನ್ನು ಅಲುಗಾಡಿಸುತ್ತಿತ್ತು. ಮಧ್ಯೆ ಮಧ್ಯೆ ಮುಖಕ್ಕೆ ಚುಚ್ಚುವ ಹನಿ, ಛತ್ರಿ ಬಿಚ್ಚಿದರೆ ಮಗುಚಿಕೊಳ್ಳುತ್ತಿತ್ತು. ದಿನಕ್ಕೆರಡು ಸಲ ಕರೆಂಟ್ ಹೋಗುತ್ತಿತ್ತು. ಅಂಥ ಒಂದು ಮಧ್ಯಾಹ್ನ ಹೊಸ ಸೈಟಿನ ಕೆಲಸ ಆಗಷ್ಟೇ ಶುರು ಮಾಡಿದ್ದೆ. ಒಬ್ಬಳು ಹುಡುಗಿ ನಮ್ಮ ಆಫೀಸಿನ ಬಾಗಿಲಿಗೆ ತಲೆ ತಾಗದಂತೆ ಒಂಚೂರು ಬಗ್ಗಿ ಒಳಗೆ ಬಂದಳು.

"ಮರಿಸ್ವಾಮಿಯವರ ಸೈಟ್ ಮಾಡೋದು ನೀವೇನಾ?"

"ಹೌದು, ಕೂತ್ಕೊಳ್ಳಿ."

ಕೂರಲಿಲ್ಲ. ಫೋನ್ ತೆಗೆದು ನನ್ನ ಮುಂದೆ ಹಿಡಿದಳು. "ಇದು ನಾನು ಕೊಟ್ಟ ಫೋಟೋ. ಇದು ನಿಮ್ಮ ಸೈಟಲ್ಲಿ ಇರೋದು. ಇದರಲ್ಲಿ ನಾನ್ಯಾರು ಹೇಳಿ ನೋಡೋಣ."

ಮೊದಲ ಫೋಟೋದಲ್ಲಿ ಅವಳೇ ಇದ್ದಳು. ನೀಲಿ ಸೀರೆ, ನೆಟ್ಟಗೆ ನಿಂತ ಬೆನ್ನು, ಉದ್ದನೆಯ ಕೈಗಳು. ಎರಡನೆಯದರಲ್ಲಿ ಅದೇ ನೀಲಿ ಸೀರೆಯಲ್ಲಿ ಯಾರೋ ಕುಳ್ಳಗೆ, ದಪ್ಪಗೆ, ಮೇಲಿಂದ ಯಾರೋ ತಲೆ ಒತ್ತಿ ಹಿಡಿದವರಂತೆ ನಿಂತಿದ್ದರು. ಕೆಳಗೆ ‘ಎತ್ತರ: ಸಾಧಾರಣ’ ಎಂದು ಬರೆದಿತ್ತು. ಆ ಕಾಲಂನಲ್ಲಿ ಎಲ್ಲ ಹುಡುಗಿಯರಿಗೂ ಸಾಧಾರಣ ಎಂದೇ ಬರೆಸುವುದು ಮರಿಸ್ವಾಮಿಯವರ ಪದ್ಧತಿ.

ಅವಳ ಹೆಸರು ಗೀತಾ. ಕುಣಿಗಲ್‌ನ ಒಂದು ಶಾಲೆಯಲ್ಲಿ ಪಿಟಿ ಟೀಚರು. ಎತ್ತರ ಐದಡಿ ಹತ್ತಿಂಚು. ಸೈಟಿನಲ್ಲಿ ಫೋಟೋ ನೋಡಿ ಎರಡು ಸಲ ಗಂಡಿನ ಕಡೆಯವರು ಬಂದಿದ್ದರಂತೆ.

"ಎರಡ್ನೇ ಸಲ ಬಂದೋರು ಉಪ್ಪಿಟ್ಟು, ಕೇಸರಿಬಾತು ಎಲ್ಲ ತಿಂದ್ರು. ಕೈ ತೊಳ್ಕೊಂಡು ಬಂದು, ಫೋಟೋದಲ್ಲಿ ಬೇರೆ ಹುಡುಗೀನ ತೋರ್ಸಿದೀರ, ಮೋಸದ ಜನ ನೀವು ಅಂದ್ರು. ನಮ್ಮಪ್ಪ ಅವತ್ತಿಂದ ಬೀದೀಲಿ ತಲೆ ತಗ್ಗಿಸ್ಕೊಂಡು ಓಡಾಡ್ತಾರೆ." ಫೋನನ್ನು ನನ್ನ ಟೇಬಲ್ ಮೇಲಿಟ್ಟಳು. "ನನ್ನ ಬೇಡ ಅನ್ನೋದು ಅವರಿಷ್ಟ ಮೇಡಂ. ಬೇಡ ಅನ್ನೋರು ಫೋಟೋ ನೋಡೇ ಬೇಡ ಅನ್ಲಿ. ನಮ್ಮನೇಲಿ ಉಪ್ಪಿಟ್ಟು ತಿಂದು ಬೇಡ ಅನ್ನೋದು ಬೇಡ. ನಾನು ಇರೋ ಹಂಗೆ ತೋರ್ಸಿ, ಅಷ್ಟೇ ನಾನು ಕೇಳ್ತಿರೋದು."

ಸರ್ವರಿನ ತೊಂದರೆ, ಫೋನಿನ ತೊಂದರೆ ಎಂದು ಹೇಳಿ ಕಳಿಸಬಹುದಿತ್ತು. ಗಿರಾಕಿಗಳಿಗೆ ನಾವು ದಿನಾ ಹೇಳುವ ಮಾತೇ ಅದು. ಆದರೆ ಆ ತಪ್ಪು ಯಾರದೆಂದು ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು. ದೊಡ್ಡ ಫೋಟೋ ಬಂದಾಗ ಅದನ್ನು ಚಿಕ್ಕದು ಮಾಡುವ ಪ್ರೋಗ್ರಾಂ ಸರ್ವರಿನಲ್ಲಿ ಇರುತ್ತದೆ. ಅದರಲ್ಲಿ ನಾನು ಎರಡು ವರ್ಷದ ಹಿಂದೆ, ಬೇಗ ಮುಗಿಸಿ ಗುಬ್ಬಿ ಬಸ್ಸು ಹಿಡಿಯುವ ಅವಸರದಲ್ಲಿ, ಒಂದೇ ಒಂದು ಸಾಲು ಬರೆದಿದ್ದೆ: ಅಗಲ ಮುನ್ನೂರು, ಎತ್ತರ ಮುನ್ನೂರು. ಯಾವ ಆಕಾರದ ಫೋಟೋ ಬಂದರೂ ಸರಿ, ಹಿಡಿದು ಚೌಕಕ್ಕೆ ತುರುಕು ಎಂದು ಅದರ ಅರ್ಥ. ಗೀತಾಳ ಫೋಟೋ ಸಾವಿರದಿನ್ನೂರು ಅಗಲ, ಸಾವಿರದಾರುನೂರು ಎತ್ತರ. ಅಗಲ ನಾಲ್ಕರಲ್ಲೊಂದು ಪಾಲಿಗೆ ಇಳಿದರೆ ಎತ್ತರ ಐದರಲ್ಲೊಂದು ಪಾಲಿಗಿಂತಲೂ ಕೆಳಗೆ ಇಳಿದಿತ್ತು. ಲೆಕ್ಕ ಹಾಕಿದರೆ ಐದಡಿ ಹತ್ತಿಂಚಿನ ಹುಡುಗಿಯನ್ನು ನಾನು ನಾಲ್ಕಡಿ ನಾಲ್ಕೂವರೆ ಇಂಚಿಗೆ ತಂದು ನಿಲ್ಲಿಸಿದ್ದೆ.

"ತಪ್ಪು ನಂದೇ" ಎಂದೆ. "ಸರಿ ಮಾಡ್ತೀನಿ."

"ಯಾವಾಗ?"

"ಶ್ರಾವಣದೊಳಗೆ."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಒಪ್ಪಿಕೊಳ್ಳುವವರು ಸಿಗುತ್ತಾರೆ ಎಂದು ಅವಳು ಕುಣಿಗಲ್‌ನಿಂದ ಬಂದಿರಲಿಲ್ಲ. ಜಗಳಕ್ಕೆ ಸಿದ್ಧವಾಗಿ ಬಂದಿದ್ದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ನೀರು ಕೇಳಿದಳು.

ಸರಿ ಮಾಡುವುದು ಕಷ್ಟದ ಲೆಕ್ಕವೇನಲ್ಲ. ಗುಬ್ಬಿಯ ಹೈಸ್ಕೂಲಿನಲ್ಲಿ ತ್ರೈರಾಶಿ ಕಲಿತವರು ಯಾರು ಬೇಕಾದರೂ ಮಾಡಬಹುದು. ಚೌಕಟ್ಟಿನ ಅಗಲವನ್ನು ಫೋಟೋದ ಅಗಲದಿಂದ ಭಾಗಿಸು, ಚೌಕಟ್ಟಿನ ಎತ್ತರವನ್ನು ಫೋಟೋದ ಎತ್ತರದಿಂದ ಭಾಗಿಸು. ಬಂದ ಎರಡರಲ್ಲಿ ಯಾವುದು ಚಿಕ್ಕದೋ ಅದನ್ನು ತೆಗೆದುಕೊಂಡು, ಅಗಲ ಎತ್ತರ ಎರಡನ್ನೂ ಅದೇ ಒಂದರಿಂದ ಗುಣಿಸು. ಅಗಲಕ್ಕೊಂದು ನ್ಯಾಯ, ಎತ್ತರಕ್ಕೊಂದು ನ್ಯಾಯ ಇಲ್ಲ. ಗೀತಾಳ ಫೋಟೋ ಇನ್ನೂರ ಇಪ್ಪತ್ತೈದು ಅಗಲಕ್ಕೆ, ಮುನ್ನೂರು ಎತ್ತರಕ್ಕೆ ಬಂದು ನಿಲ್ಲುತ್ತದೆ. ಎರಡು ಬದಿಯಲ್ಲಿ ಸ್ವಲ್ಪ ಬಿಳಿ ಜಾಗ ಉಳಿಯುತ್ತದೆ. ಉಳಿಯಲಿ. ಜೊತೆಗೆ ಎತ್ತರದ ಕಾಲಂನಲ್ಲಿ ಸಾಧಾರಣ ಎಂದು ಬರೆಯಲು ಆಗದಂತೆ, ಅಡಿ ಇಂಚು ಅಂಕಿ ಮಾತ್ರ ಹಿಡಿಯುವಂತೆ ಮಾಡಿದೆ. ಎಲ್ಲ ಸೇರಿ ಒಂದು ಬೆಳಿಗ್ಗೆಯ ಕೆಲಸ.

ಕಷ್ಟ ಇದ್ದದ್ದು ಬೇರೆ ಕಡೆ. ಜಾಗ ಉಳಿಸಲು ನಾನು ಆಗ ಇನ್ನೊಂದು ಜಾಣತನ ಮಾಡಿದ್ದೆ. ಚಿಕ್ಕ ಫೋಟೋ ತಯಾರಾದ ಮೇಲೆ ದೊಡ್ಡದನ್ನು ಅಳಿಸಿಹಾಕು ಎಂದೂ ಬರೆದಿದ್ದೆ. ಹಾಗಾಗಿ ಸರ್ವರಿನಲ್ಲಿ ಉಳಿದಿದ್ದು ತುಳಿದು ಚಪ್ಪಟೆ ಮಾಡಿದ ಮುಖಗಳು ಮಾತ್ರ. ಅವನ್ನು ತಿರುಗಿ ಎಳೆದು ನೋಡಿದೆ. ಒಬ್ಬೊಬ್ಬರ ಫೋಟೋ ಒಂದೊಂದು ಫೋನಿನಲ್ಲಿ ತೆಗೆದದ್ದು, ಒಂದೊಂದು ಸ್ಟುಡಿಯೋದಲ್ಲಿ ಕತ್ತರಿಸಿದ್ದು. ಮೊದಲು ಯಾವ ಅಳತೆಯಲ್ಲಿತ್ತು ಎಂದು ತಿಳಿಯದೆ ಎಷ್ಟು ಎಳೆಯುವುದು? ಅಂದಾಜಿಗೆ ಎಳೆದರೆ ಅದು ಇನ್ನೊಂದು ಸುಳ್ಳು. ಫೋಟೋಗಳನ್ನು ಮನೆಮನೆಯಿಂದ ಮತ್ತೆ ಕೇಳಿ ತರುವುದೊಂದೇ ದಾರಿ. ಅದೂ ಆಷಾಢದಲ್ಲಿ.

"ಆಷಾಢದಲ್ಲಿ ಮದುವೆ ಫೋಟೋ ಯಾರ್ ಕೊಡ್ತಾರೆ ಕಣೇ? ಬಾಗಿಲಲ್ಲೇ ಬೈದು ಕಳಿಸ್ತಾರೆ" ಎಂದಳು ಅಮ್ಮ. ಆಮೇಲೆ ಸೊಪ್ಪು ಬಿಡಿಸುತ್ತಾ ಅವಳೇ ದಾರಿ ಹೇಳಿದಳು. "ಫೋಟೋ ಕೊಡಿ ಅನ್ಬೇಡ. ರಿಪೇರಿ ಅನ್ನು. ಆಷಾಢದಲ್ಲಿ ರಿಪೇರಿಗೇನು ಅಡ್ಡಿ ಇಲ್ಲ."

ಆ ಒಂದು ಮಾತು ನನ್ನನ್ನು ಕಾಪಾಡಿತು. ಗುಬ್ಬಿಯ ಮನೆಗಳಲ್ಲಿ "ಹಳೇ ಫೋಟೋ ಕೆಟ್ಟೋಗಿದೆ, ರಿಪೇರಿ ಮಾಡ್ಬೇಕು, ಒಂದು ಕಾಪಿ ಕಳಿಸಿ" ಎಂದೆ. ಫೋಟೋ ಎಂಬ ಮಾತಿಗೆ ಮುಖ ತಿರುಗಿಸುತ್ತಿದ್ದ ಅಜ್ಜಿಯರು ರಿಪೇರಿ ಎಂದ ಕೂಡಲೇ ಮೊಮ್ಮಕ್ಕಳ ಫೋನ್ ತರಿಸಿದರು. ಒಬ್ಬ ತಾಯಿಯಂತೂ ಸೈಟಿನಲ್ಲಿದ್ದ ಮಗಳ ಫೋಟೋ ನೋಡಿ, "ಇದು ನಮ್ಮ ಹುಡುಗಿ ಅಲ್ಲ ಕಣವ್ವ, ಇಷ್ಟು ದಿನ ಯಾರ್ ಹುಡುಗೀನ ತೋರಿಸ್ತಿದ್ರಿ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಎರಡು ವರ್ಷ ಆ ಮನೆಗೆ ಯಾರೂ ಯಾಕೆ ಬಂದಿರಲಿಲ್ಲ ಎಂದು ಆಕೆಗೆ ಹೇಳುವ ಧೈರ್ಯ ನನಗಿರಲಿಲ್ಲ.

ಕುಣಿಗಲ್ ಕಡೆಗೆ ಗೀತಾಳೇ ಕರೆದುಕೊಂಡು ಹೋದಳು. ಎರಡು ಭಾನುವಾರ ಅವಳ ಸ್ಕೂಟರಿನ ಹಿಂದೆ ಕೂತು ಊರೂರು ತಿರುಗಿದೆ. ಕೆರೆ ಏರಿಯ ಮೇಲೆ ಬಂದಾಗ ಗಾಳಿ ಸ್ಕೂಟರನ್ನೇ ಪಕ್ಕಕ್ಕೆ ತಳ್ಳುತ್ತಿತ್ತು. ಅವಳು ಹ್ಯಾಂಡಲ್ ಬಿಗಿಯಾಗಿ ಹಿಡಿದು ನೆಟ್ಟಗೆ ಓಡಿಸುತ್ತಿದ್ದಳು, ನಾನು ಅವಳ ಬೆನ್ನಿನ ಮರೆಯಲ್ಲಿ ಬೆಚ್ಚಗಿರುತ್ತಿದ್ದೆ. ಬೀದಿಯಲ್ಲಿ ಯಾರೋ "ಕುಣಿಗಲ್ ಕುದುರೆ ಹೊಂಟೈತೆ" ಎಂದು ಕೂಗಿದರು. ಗೀತಾ ತಿರುಗಿ ನೋಡಲಿಲ್ಲ.

"ಬೇಜಾರಾಗಲ್ವಾ?" ಎಂದು ಕೇಳಿದೆ.

"ಏಳನೇ ಕ್ಲಾಸಿಂದ ಕೇಳ್ತಿದೀನಿ. ಕುದುರೇನ ಯಾರಾದ್ರೂ ಕುಳ್ಳಗಿರು ಅಂತಾರಾ?"

ಎರಡನೆಯ ಭಾನುವಾರ ಅವಳದೂ ಹೊಸ ಫೋಟೋ ತೆಗೆದೆವು. ಮನೆಯ ಜಗಲಿಯಲ್ಲಿ ಅವರಪ್ಪ ಕೂತಿದ್ದರು. ಹೆಚ್ಚು ಮಾತಾಡದ ಮನುಷ್ಯ. ನಾನು ಫೋನ್ ತೆಗೆದಾಗ, "ಕೂರಿಸ್ಕೊಂಡು ತೆಗೆಯಮ್ಮ, ಹೆಂಗೂ ಕುರ್ಚಿ ಐತೆ" ಎಂದರು. ಗೀತಾ ಕುರ್ಚಿಯನ್ನು ಒಳಗಿಟ್ಟು ಬಂದಳು. ಶಾಲೆಯ ಮೈದಾನಕ್ಕೆ ಹೋಗಿ ವಾಲಿಬಾಲ್ ಕಂಬದ ಪಕ್ಕ ನಿಂತಳು. ಗಾಳಿಗೆ ಸೆರಗು ಹಾರುತ್ತಿತ್ತು, ಅವಳು ಅಲುಗಲಿಲ್ಲ. ನಾನು ಜೀವನದಲ್ಲಿ ತೆಗೆದ ಒಳ್ಳೆಯ ಫೋಟೋ ಅದೊಂದೇ ಇರಬೇಕು.

ಹೊಸ ಸೈಟಿನ ಮೊದಲ ರೂಪ ನೋಡಲು ಮರಿಸ್ವಾಮಿಯವರು ಆಫೀಸಿಗೆ ಬಂದರು. ಅಚ್ಚುಕಟ್ಟಾಗಿ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕುತ್ತಿದ್ದ ಹಿರಿಯರು. ಸಾಲು ಸಾಲು ಮುಖಗಳನ್ನು ಬೆರಳಲ್ಲಿ ಸರಿಸುತ್ತಾ ಹೋಗಿ ನಿಲ್ಲಿಸಿದರು.

"ಇದೇನಮ್ಮ ಬದೀಲಿ ಬಿಳಿ ಬಿಳಿ? ಅರ್ಧ ಸುಣ್ಣ ಹೊಡೆದ ಗೋಡೆ ಇದ್ದಂಗಿದೆ. ಮೊದ್ಲು ಎಲ್ಲ ಒಂದೇ ಸಮ ತುಂಬ್ಕಂಡಿರ್ತಿತ್ತು."

"ಆಗ ಫೋಟೋ ಎಳೆದು ತುಂಬಿಸ್ತಿತ್ತು ಸರ್. ಮುಖ ಕೆಡ್ತಿತ್ತು."

"ಯಾರಮ್ಮ ಟೇಪ್ ಹಿಡಿದು ಅಳೀತಾರೆ? ಸ್ವಲ್ಪ ಅಡ್ಜಸ್ಟ್ ಮಾಡು."

ಅಡ್ಜಸ್ಟ್ ಎಂಬುದು ಈಗ ನಮ್ಮದೇ ಮಾತಾಗಿದೆ. ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವರು ಬಂದು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಎಂದಾಗ ಎಲ್ಲರೂ ಸರಿದು ಕೂರುತ್ತೇವೆ. ಆ ಸರಿಯುವಿಕೆಯಲ್ಲಿ ಒಂದು ಒಳ್ಳೆಯತನ ಇದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಮದುವೆಯ ವಿಷಯಕ್ಕೆ ಬಂದರೆ ಆ ಮಾತು ಒಬ್ಬಳಿಗೇ ಹೇಳುವ ಮಾತಾಗುತ್ತದೆ. ಮೂವರೂ ಕಾಲು ಚಾಚಿ ಕೂತೇ ಇರುತ್ತಾರೆ, ಸರಿಯಬೇಕಾದವಳು ಅವಳು. ಮರಿಸ್ವಾಮಿಯವರು ಆ ದಿನ ಅದನ್ನು ಇನ್ನೂ ಒಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋದರು.

"ನಿನ್ನ ಹಳೇ ಸೈಟು ತಾನಾಗೇ ಮಾಡ್ತಿತ್ತಲ್ಲ, ನಾನು ನೋಡೇ ಸುಮ್ನಿದ್ದೆ. ಆ ಕುಣಿಗಲ್ ಹುಡುಗಿ ಇದಾಳಲ್ಲ, ಪಿಟಿ ಟೀಚರು, ಅವಳ ಮನೆಗೆ ಎರಡು ಕಡೆಯಿಂದ ಜನ ಹೋಗಿದ್ದೇ ಅದ್ರಿಂದ."

"ಹೋಗಿ ಏನು ಮಾಡಿದ್ರು ಸರ್?"

"ಏನೋ ಒಂದು. ಹೋಗಿದ್ದು ಹೋದ್ರಲ್ಲ. ನೋಡಮ್ಮ, ಒಂದು ಬಟನ್ ಇಟ್ಬುಡು. ಎತ್ತರ ಇರೋ ಹೆಣ್ಮಕ್ಕಳನ್ನ ಒಂಚೂರು ತಗ್ಸೋದು, ದಪ್ಪ ಇರೋರನ್ನ ಒಂಚೂರು ಹಿಂಡೋದು. ನಾನೇ ನೋಡ್ಕಂಡು ಒತ್ಕೋತೀನಿ."

"ಗಂಡುಮಕ್ಕಳಿಗೂ ಇಡ್ಲಾ ಸರ್?"

"ಅವರಿಗ್ಯಾಕೆ? ಗಂಡು ಹೆಂಗಿದ್ರೂ ನಡೀತದೆ."

"ಹಂಗಾದ್ರೆ ಆ ಬಟನ್ ನಾನು ಮಾಡಲ್ಲ ಸರ್."

ಮರಿಸ್ವಾಮಿಯವರಿಗೆ ಸಿಟ್ಟು ಬರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಮಗು ಹಟ ಮಾಡುವುದನ್ನು ನೋಡುವಂತೆ ನಕ್ಕು, ಪ್ರಕಾಶ್ ಸರ್ ಕಡೆ ತಿರುಗಿ, "ಹೇಳಿ ಸ್ವಾಮಿ ನಿಮ್ಮ ಹುಡುಗಿಗೆ" ಎಂದು ಎದ್ದರು. ತಾನು ಹೆಣ್ಣುಮಕ್ಕಳಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದು ಅವರು ನಿಜವಾಗಿಯೂ ನಂಬಿದ್ದರು.

ಸರ್ ಆ ಸಂಜೆ ಹೇಳಿದರು. ಹೇಳುವಾಗ ನನ್ನ ಮುಖ ನೋಡದೆ ಯುಪಿಎಸ್ ನೋಡುತ್ತಿದ್ದರು. "ಒಂದು ಬಟನ್ ತಾನೇ ಸೌಮ್ಯ. ಈ ಬ್ಯೂರೋ ಕೈಬಿಟ್ಟು ಹೋದ್ರೆ ಇಲ್ಲಿ ಇಬ್ಬರಿಗೆ ಕೆಲ್ಸ ಇರಲ್ಲ. ಒಬ್ಬರಿಗೆ ಮಾತ್ರ ಇರತ್ತೆ."

"ಹಂಗಾದ್ರೆ ನೀವೊಬ್ರೇ ಇರಿ ಸರ್."

ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ನಮ್ಮ ಮನೆ ನಡೆಯುತ್ತಿದ್ದದ್ದೇ ಆ ಕೆಲಸದಿಂದ. ತುಮಕೂರಿನಲ್ಲಿ ನನ್ನ ಕೆಲಸಕ್ಕೆ ಇನ್ನೊಂದು ಆಫೀಸು ಹುಡುಕುವುದು ಸುಲಭವೂ ಅಲ್ಲ. ಬಸ್ಸಿನಲ್ಲಿ ಗುಬ್ಬಿಗೆ ಹೋಗುವಾಗ ಆ ಬಟನ್ ಎಷ್ಟು ಹೊತ್ತಿನ ಕೆಲಸ ಎಂದು ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕಿತು. ಹತ್ತು ನಿಮಿಷ. ಹತ್ತು ನಿಮಿಷದ ಕೆಲಸ ಮಾಡದೆ ಕೆಲಸ ಕಳೆದುಕೊಳ್ಳುವವಳು ಮೂರ್ಖಳು ಎಂದು ಅನಿಸಿತು. ಆದರೆ ಅವಸರದಲ್ಲಿ ಬರೆದು ತಪ್ಪಾಗಿದ್ದ ಸಾಲನ್ನು ಈಗ ಗೊತ್ತಿದ್ದೂ ಬರೆದರೆ ಅದನ್ನು ತಪ್ಪು ಎಂದು ಕರೆಯಲು ಬರುವುದಿಲ್ಲ. ಅದಕ್ಕೆ ಬೇರೆ ಹೆಸರಿದೆ, ಅದನ್ನು ಗೀತಾಳ ಮನೆಯಲ್ಲಿ ಉಪ್ಪಿಟ್ಟು ತಿಂದವರು ಆಗಲೇ ಹೇಳಿ ಹೋಗಿದ್ದರು.

ಆಮೇಲಿನ ಎರಡು ವಾರ ಸರ್ ಮತ್ತು ನಾನು ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದೆವು. ಕಡೆಗೆ ಭೀಮನ ಅಮಾವಾಸ್ಯೆ ಬಂತು, ಆಷಾಢದ ಕೊನೆಯ ದಿನ. ಒಳ್ಳೆಯ ಗಂಡ ಸಿಗಲಿ ಎಂದು ಬೆಳಿಗ್ಗೆಯೇ ಅಮ್ಮ ಪೂಜೆ ಮಾಡಿಸಿ ಕೈಗೆ ಅರಿಶಿನದ ದಾರ ಕಟ್ಟಿ ಕಳಿಸಿದ್ದಳು. ಮರುದಿನ ಹೊಸ ಸೈಟು ತೆರೆಯಬೇಕು. ಮರಿಸ್ವಾಮಿಯವರು ಕೊನೆಯ ಸಲ ನೋಡಲು ಬಂದು ಕೂತರು. ಬಟನ್ ಹುಡುಕಿದರು. ಇರಲಿಲ್ಲ.

"ಆಯ್ತಮ್ಮ. ನೀನೂ ಹಟಮಾರಿ, ನಾನೂ ವಯಸ್ಸಾದವ. ನಿನ್ನ ಮಾತೇ ಆಗ್ಲಿ. ಬಟನ್ ಬೇಡ, ಎಲ್ಲರದ್ದೂ ಇರೋ ಹಂಗೇ ಇರ್ಲಿ" ಎಂದರು. ಪ್ರಕಾಶ್ ಸರ್ ಉಸಿರು ಬಿಟ್ಟರು. "ಆ ಕುಣಿಗಲ್ ಹುಡುಗಿ ಒಬ್ಬಳದು ಮಾತ್ರ ಒಂಚೂರು ತಗ್ಸಿಬುಡು. ಅವಳ ಒಳ್ಳೇದಕ್ಕೇ ಹೇಳ್ತಿರೋದು. ಒಂದೇ ಒಂದು ಫೋಟೋ."

ನಾನು ಕೇಳಿದ್ದೆಲ್ಲ ನನಗೆ ಸಿಗುತ್ತಿತ್ತು, ನನ್ನ ಕೆಲಸವೂ ಉಳಿಯುತ್ತಿತ್ತು. ಬಿಟ್ಟುಕೊಡಬೇಕಾದದ್ದು ಮೊದಲು ಬಂದು ಕೇಳಿದವಳನ್ನು ಮಾತ್ರ. ಸರ್ ಕಣ್ಣಲ್ಲೇ ಒಪ್ಪಿಕೋ ಎಂದರು. ನಾನು ಗೀತಾಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ ಟೇಬಲ್ ಮೇಲಿಟ್ಟೆ.

"ಫೋಟೋ ಅವರದ್ದು ಸರ್. ಅವರನ್ನೇ ಕೇಳಿ."

ಆ ಕಡೆ ಮೈದಾನದ ಗದ್ದಲ, ಮಕ್ಕಳ ಕೂಗು. ಮರಿಸ್ವಾಮಿಯವರು ಗಂಟಲು ಸರಿಮಾಡಿಕೊಂಡರು. "ಏನಿಲ್ಲ ಗೀತಮ್ಮ, ನಿನ್ನ ಫೋಟೋ ಸ್ವಲ್ಪ ಅಡ್ಜಸ್ಟ್ ಮಾಡೋಣ ಅಂತ. ನೋಡೋರಿಗೆ ಚೆನ್ನಾಗಿರ್ತದೆ."

"ಎಷ್ಟು ತಗ್ಗಿಸ್ತೀರ ಸರ್?"

"ಮೂರಿಂಚು ಸಾಕು."

"ಸರಿ ಸರ್. ನಾಳೆ ನಿಮ್ಮ ಆಫೀಸಿಗೆ ಬರ್ತೀನಿ. ನೀವೇ ನನ್ನ ತಲೆ ಮೇಲೆ ಕೈ ಇಟ್ಟು ಒತ್ತಿ. ನಾನು ಮೂರಿಂಚು ಇಳಿದ್ರೆ ಫೋಟೋನೂ ಇಳ್ಸಿ."

ನನಗೆ ನಗು ತಡೆಯಲಾಗದೆ ಕಿಟಕಿ ಕಡೆ ತಿರುಗಿದೆ. ಮರಿಸ್ವಾಮಿಯವರ ಮುಖ ಕೆಂಪಾಯಿತು.

"ಇದು ತಮಾಷೆ ಮಾತಲ್ಲಮ್ಮ. ಹಿಂಗೆ ಮಾತಾಡಿದ್ರೆ ನಿನ್ನ ಹೆಸರೇ ತೆಗೀಬೇಕಾಗ್ತದೆ."

"ತೆಗೀರಿ ಸರ್. ಎತ್ತರ ಜಾಸ್ತಿ ಅಂತ ಹೆಸರು ತೆಗೆದಿದೀವಿ ಅಂತ ಒಂದು ಹಾಳೇಲಿ ಬರೆದು ಸೈನ್ ಹಾಕ್ಕೊಡಿ. ನಮ್ಮ ಸ್ಕೂಲ್ ನೋಟಿಸ್ ಬೋರ್ಡಿಗೆ ಹಾಕ್ತೀನಿ." ಇಷ್ಟು ಹೇಳಿ ಅವಳು ಜೋರಾಗಿ ಸೀಟಿ ಊದಿದಳು. ಅದು ಮಕ್ಕಳಿಗೆ ಊದಿದ್ದೋ ನಮಗೆ ಊದಿದ್ದೋ ಗೊತ್ತಾಗಲಿಲ್ಲ.

"ಬುಡಮ್ಮ ಬುಡು. ಏನಾರ ಮಾಡ್ಕಳಿ" ಎಂದು ಮರಿಸ್ವಾಮಿಯವರು ಎದ್ದರು. ಬಾಗಿಲಲ್ಲಿ ನಿಂತು ನನಗೊಂದು ಮಾತು ಹೇಳಿದರು. "ನಿನಗೂ ಹೊಂದ್ಕಂಡು ಹೋಗೋ ಗುಣ ಇಲ್ಲ. ನಿನ್ನ ಫೋಟೋನೂ ಒಂದಿನ ನನ್ನತ್ರ ಬರ್ತದಲ್ಲ, ನೋಡೋಣ."

"ಬರಲ್ಲ ಸರ್" ಎಂದೆ.

ಮರುದಿನ ಸೈಟು ತೆರೆಯಿತು. ಬದಿಯ ಬಿಳಿಯ ಬಗ್ಗೆ ಒಬ್ಬರೂ ಫೋನ್ ಮಾಡಲಿಲ್ಲ. ಬ್ಯೂರೋ ನಮ್ಮನ್ನು ಬಿಟ್ಟು ಹೋಗಲಿಲ್ಲ, ಹೋಗಲು ಅವರಿಗೆ ಪುರುಸೊತ್ತೂ ಇರಲಿಲ್ಲ. ಶ್ರಾವಣ ಬಂದ ಕೂಡಲೇ ಗುಬ್ಬಿ ಕಡೆಯಿಂದ, ಕುಣಿಗಲ್ ಕಡೆಯಿಂದ ಜನ ಮುಗಿಬಿದ್ದರು. ನನ್ನ ಕೆಲಸ ಉಳಿಯಿತು. ಪ್ರಕಾಶ್ ಸರ್ ಒಂದು ದಿನ ಅರ್ಧ ಕೆಜಿ ಮೈಸೂರು ಪಾಕ್ ತಂದು ನನ್ನ ಟೇಬಲ್ ಮೇಲಿಟ್ಟರು.

ಗೀತಾಳ ಮನೆಗೆ ಮೂರು ಕಡೆಯಿಂದ ಫೋನ್ ಬಂತಂತೆ. ಇಬ್ಬರು ಎತ್ತರ ಓದಿ ಫೋನಿನಲ್ಲೇ ಬೇಡ ಅಂದರು. "ರವೆ ಉಳೀತು" ಎಂದು ಗೀತಾ ನನಗೆ ಮೆಸೇಜ್ ಹಾಕಿದ್ದಳು. ಮೂರನೆಯವರು ತುಮಕೂರಿನವರು. ಫೋಟೋ ನೋಡಿ, ಎತ್ತರ ನೋಡಿ, ಒಪ್ಪಿಯೇ ಬಂದರು. ಹುಡುಗ ಅವಳಿಗಿಂತ ನಾಲ್ಕು ಇಂಚು ಕಡಿಮೆ, ಒಳ್ಳೆಯ ಮಾತುಗಾರ, ವಾಲಿಬಾಲ್ ಬಗ್ಗೆ ಕೇಳಿದನಂತೆ. ಗೀತಾಳ ಅಪ್ಪ ಆ ವಾರ ಬೀದಿಯಲ್ಲಿ ನಿಂತು ನಾಲ್ಕು ಜನರ ಹತ್ತಿರ ಮಾತಾಡಿದರಂತೆ. ಅದನ್ನು ಗೀತಾ ನನಗೆ ಎರಡು ಸಲ ಹೇಳಿದಳು. ನಾನೂ ಖುಷಿಪಟ್ಟೆ, ಬಸ್ಸಿನಲ್ಲಿ ಕೂತು ಅವಳ ಮದುವೆಗೆ ಯಾವ ಸೀರೆ ಉಡಬೇಕು ಎಂದು ಯೋಚಿಸುವಷ್ಟು.

ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅವಳು ಆಫೀಸಿಗೆ ಬಂದಳು. ಈ ಸಲ ಹೇಳದೆಯೇ ಕುರ್ಚಿ ಎಳೆದು ಕೂತಳು.

"ಎಲ್ಲ ಒಪ್ಪಿಗೆ ಆಗಿತ್ತು. ನಿನ್ನೆ ಹುಡುಗನ ಅಮ್ಮ ಫೋನ್ ಮಾಡಿ ಒಂದು ಸಣ್ಣ ವಿಷ್ಯ ಅಂದ್ರು. ರಿಸೆಪ್ಶನ್ ದಿನ ಫೋಟೋ ತೆಗೆಯೋವಾಗ ನಾನು ಸ್ಟೇಜಿಂದ ಒಂದು ಮೆಟ್ಟಿಲು ಕೆಳಗೆ ನಿಂತ್ಕೋಬೇಕಂತೆ. ಆಲ್ಬಂ ಚೆನ್ನಾಗಿ ಬರತ್ತಂತೆ."

"ಹುಡುಗ ಏನಂದ?"

"ಅಮ್ಮನ ಆಸೆ, ಒಂದೇ ಮೆಟ್ಟಿಲಲ್ವಾ ಅಂದ. ನಮ್ಮಪ್ಪನೂ ಅದನ್ನೇ ಅಂದ್ರು."

"ನೀನು?"

"ಈ ಸಂಬಂಧಾನೇ ಬೇಡ ಅಂದೆ. ಹುಡುಗನಿಗೇ ಹೇಳ್ದೆ."

ಅವಳು ಅಳುತ್ತಿರಲಿಲ್ಲ. ಕಣ್ಣು ಕೆಂಪಗಿತ್ತು, ಅಳುವ ಕೆಲಸವನ್ನು ರಾತ್ರಿಯೇ ಮುಗಿಸಿ ಬಂದಿದ್ದಳು. ಅಪ್ಪ ಮತ್ತೆ ಮಾತು ಬಿಟ್ಟಿದ್ದಾರೆ ಎಂದಳು. ನನಗೆ ಎಂಥ ಸಿಟ್ಟು ಬಂತೆಂದರೆ, ಆ ಸರ್ವರನ್ನೇ ಕಿತ್ತು ಕೆಳಗೆ ಎಸೆಯಬೇಕು ಅನಿಸಿತು. ಅದು ಎಲ್ಲಿದೆ ಎಂದು ಗೊತ್ತಿರಲಿಲ್ಲ, ಅಷ್ಟೇ. ಕಂಪ್ಯೂಟರಿನಲ್ಲಿ ಅವಳ ಪುಟ ತೆರೆದೆ.

"ತೆಗೆದುಹಾಕ್ಲಾ?"

"ಯಾಕೆ ತೆಗೀಬೇಕು? ಇರ್ಲಿ. ಕೊನೇಲಿ ‘ಇತರೆ ವಿವರ’ ಅಂತ ಜಾಗ ಇದೆಯಲ್ಲ, ಅಲ್ಲೊಂದು ಮಾತು ಸೇರ್ಸಿ ಅಂತ ಬಂದೆ. ಮೆಟ್ಟಿಲು ಇಳಿದು ನಿಂತ್ಕೊಳಲ್ಲ ಅಂತ."

ನಾನು ಟೈಪ್ ಮಾಡಿದೆ. ಓದುವ ಮನೆಯವರಿಗೆ ಒರಟು ಅನಿಸದಿರಲಿ ಎಂದು, ‘ಫೋಟೋಗಾಗಿ ಮೆಟ್ಟಿಲು ಇಳಿದು ನಿಲ್ಲಲು ಇಷ್ಟವಿರುವುದಿಲ್ಲ’ ಎಂದು ಬರೆದೆ. ಗೀತಾ ನನ್ನ ಭುಜದ ಮೇಲಿಂದ ಬಗ್ಗಿ ಓದಿದಳು.

"ಇಷ್ಟ ಇಲ್ಲ ಅಂತ ಅಲ್ಲ ಮೇಡಂ. ನಿಲ್ಲಲ್ಲ ಅಂತ."

ಅಳಿಸಿ, ‘ನಿಲ್ಲುವುದಿಲ್ಲ’ ಎಂದು ಹಾಕಿ ಸೇವ್ ಒತ್ತಿದೆ.